ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ದೇಹಾಂಗವಾಚಕ ಪದಗಳು

ಇಂಡೋ-ಯುರೋಪಿಯನ್ ಭಾಷಾ ಪರಿವಾರಕ್ಕೆ ಸೇರಿದ ಸಂಸ್ಕೃತ, ಪರ್ಷಿಯನ್, ಗ್ರೀಕ್, ಲ್ಯಾಟಿನ್, ಇಂಗ್ಲಿಷ್, ಜರ್ಮನ್, ರಷ್ಯನ್, ಲಿಥುವೇನಿಯನ್, ಆರ್ಮೇನಿಯನ್ ಮೊದಲಾದ ಭಾಷೆಗಳಲ್ಲಿ ಪಾದ, ಹಲ್ಲು, ಹೃದಯ, ಮೊಣಕಾಲು, ಕಣ್ಣು, ಮೂಗು ಮುಂತಾದ ದೇಹದ ಅಂಗಗಳನ್ನು ಸೂಚಿಸುವ ಪದಗಳಲ್ಲಿ ಅನೇಕವು ಒಂದೇ ಮೂಲದಿಂದ ಬಂದವು. ಈ ಎಲ್ಲ ಭಾಷೆಗಳ ಪೂರ್ವಜವೆಂದು ಊಹಿಸಲಾಗಿರುವ, ಬರಹದಲ್ಲಿ ಉಳಿದಿರದ ಭಾಷೆಯನ್ನು ಮೂಲ ಇಂಡೋ-ಯುರೋಪಿಯನ್ ಭಾಷೆ ಎಂದು ಕರೆಯುತ್ತಾರೆ. ಒಂದೇ ಮೂಲಪದದಿಂದ ಬೇರೆ ಬೇರೆ ಭಾಷೆಗಳಲ್ಲಿ ವಂಶಪಾರಂಪರ್ಯವಾಗಿ ಉಳಿದುಬಂದ ಪದಗಳಿಗೆ ಜ್ಞಾತಿಪದಗಳು ಎಂದು ಹೆಸರು. ಭಾಷೆಗಳ ನಡುವಿನ ರಕ್ತಸಂಬಂಧವನ್ನು ನಿರ್ಣಯಿಸುವಲ್ಲಿ ದೇಹಾಂಗವಾಚಕ ಜ್ಞಾತಿಪದಗಳಿಗೆ ವಿಶೇಷ ಸ್ಥಾನವಿದೆ. ಈ ಸಂಬಂಧವು ಪದಗಳ ಮೇಲ್ನೋಟದ ಹೋಲಿಕೆಯಿಂದಲ್ಲ, ಧ್ವನಿಗಳ ನಿಯಮಬದ್ಧ ಸಾಮ್ಯದಿಂದ ಸಿದ್ಧವಾಗುತ್ತದೆ.

## ಅಧ್ಯಯನದ ಹಿನ್ನೆಲೆ

ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಬಹುಶಃ ಈಗ ಇಲ್ಲವಾಗಿರುವ ಒಂದು ಸಮಾನ ಮೂಲದಿಂದ ಹುಟ್ಟಿರಬೇಕೆಂಬ ಅಭಿಪ್ರಾಯವನ್ನು ಮಂಡಿಸಿದರು. 1816ರಲ್ಲಿ ಜರ್ಮನಿಯ ಫ್ರಾಂಜ್ ಬಾಪ್ ಈ ಭಾಷೆಗಳ ಕ್ರಿಯಾರೂಪಗಳನ್ನು ಹೋಲಿಸಿ ಗ್ರಂಥ ರಚಿಸಿದರು. ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಧ್ವನಿಗಳ ನಡುವಿನ ಕ್ರಮಬದ್ಧ ಸಂಬಂಧವನ್ನು ವಿವರಿಸಿದರು. ಮುಂದೆ ಕಾರ್ಲ್ ಬಕ್ ಅವರು 1949ರಲ್ಲಿ ಪ್ರಕಟಿಸಿದ ಇಂಡೋ-ಯುರೋಪಿಯನ್ ಸಮಾನಾರ್ಥಕ ಪದಗಳ ನಿಘಂಟಿನಲ್ಲಿ ದೇಹಾಂಗಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು.

## ದೇಹಾಂಗ ಪದಗಳ ಮಹತ್ವ

ಒಂದು ಸಮಾಜವು ಹೊಸ ವಸ್ತುವನ್ನೋ ಹೊಸ ಆಚಾರವನ್ನೋ ಸ್ವೀಕರಿಸಿದಾಗ ಅದರೊಂದಿಗೆ ಅದರ ಹೆಸರನ್ನೂ ಸ್ವೀಕರಿಸುವುದುಂಟು. ಕನ್ನಡದ ಮೇಜು, ಸಾಬೂನು, ಬಸ್ಸು ಮುಂತಾದವು ಹೀಗೆ ಬಂದ ಪದಗಳು. ಆದರೆ ಕಣ್ಣು, ಕೈ, ಹಲ್ಲುಗಳು ಎಲ್ಲ ಕಾಲದ ಎಲ್ಲ ಜನರಿಗೂ ಇರುವಂಥವು. ಮಗು ಮಾತು ಕಲಿಯುವ ಮೊದಲ ವರ್ಷಗಳಲ್ಲಿಯೇ ಇವುಗಳ ಹೆಸರನ್ನು ಮನೆಯಲ್ಲಿ ಕಲಿಯುತ್ತದೆ. ಆದುದರಿಂದ ಇಂತಹ ಪದಗಳನ್ನು ಹೊರಗಿನಿಂದ ಎರವಲು ಪಡೆಯುವ ಅಗತ್ಯ ಕಡಿಮೆ. ಅಮೆರಿಕದ ಭಾಷಾವಿಜ್ಞಾನಿ ಮಾರಿಸ್ ಸ್ವಾದೇಶ್ ಅವರು ಭಾಷೆಗಳನ್ನು ಹೋಲಿಸಲು ಸಿದ್ಧಪಡಿಸಿದ 100 ಮೂಲಭೂತ ಪದಗಳ ಪಟ್ಟಿಯಲ್ಲಿ ಸುಮಾರು ಐದನೆಯ ಒಂದು ಭಾಗ ಮನುಷ್ಯದೇಹಕ್ಕೆ ಸಂಬಂಧಿಸಿದ ಪದಗಳೇ ಆಗಿರುವುದಕ್ಕೆ ಇದೇ ಕಾರಣ.

ಆದರೂ ಇದು ಅಪವಾದಗಳಿಲ್ಲದ ನಿಯಮವಲ್ಲ. ಇಂಗ್ಲಿಷಿನಲ್ಲಿ ಮುಖಕ್ಕಿರುವ ‘ಫೇಸ್’ ಫ್ರೆಂಚಿನಿಂದಲೂ, ಕಾಲಿಗಿರುವ ‘ಲೆಗ್’ ಮತ್ತು ಚರ್ಮಕ್ಕಿರುವ ‘ಸ್ಕಿನ್’ ಹಳೆಯ ನಾರ್ಸ್ ಭಾಷೆಯಿಂದಲೂ ಬಂದ ಪದಗಳಾಗಿವೆ.

## ಪ್ರಮುಖ ಜ್ಞಾತಿಪದಗಳು

ಕೆಳಗಿನ ಪಟ್ಟಿಯಲ್ಲಿ ಆವರಣದೊಳಗೆ ಕೊಟ್ಟಿರುವುದು ಷಷ್ಠೀ ವಿಭಕ್ತಿಯ ರೂಪ. ಗ್ರೀಕ್ ಮತ್ತು ಲ್ಯಾಟಿನ್ ಪದಗಳ ಮೂಲಾಂಗವು ಪ್ರಥಮೆಗಿಂತ ಷಷ್ಠಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಡ್ಡಗೆರೆ ಇರುವೆಡೆ ಆ ಭಾಷೆಯ ಸಾಮಾನ್ಯ ಪದವು ಬೇರೆ ಮೂಲದ್ದಾಗಿದೆ ಅಥವಾ ಅದರ ಸಂಬಂಧ ಸ್ಪಷ್ಟವಾಗಿಲ್ಲ ಎಂದು ತಿಳಿಯಬೇಕು.

| ಅರ್ಥ | ಸಂಸ್ಕೃತ | ಪ್ರಾಚೀನ ಗ್ರೀಕ್ | ಲ್ಯಾಟಿನ್ | ಇಂಗ್ಲಿಷ್ | ಇತರ ಭಾಷೆ |
|---|---|---|---|---|---|
| ಪಾದ | ಪದ್, ಪಾದ | ಪೂಸ್ (ಪೊದೊಸ್) | ಪೇಸ್ (ಪೆದಿಸ್) | ಫುಟ್ | ಹಿಟ್ಟೈಟ್: ಪತ |
| ಹಲ್ಲು | ದಂತ | ಒದೂಸ್ (ಒದೊಂತೊಸ್) | ದೆನ್ಸ್ (ದೆಂತಿಸ್) | ಟೂತ್ | ಲಿಥುವೇನಿಯನ್: ದಾಂತಿಸ್ |
| ಹೃದಯ | ಹೃದ್, ಹೃದಯ | ಕರ್ದಿಯಾ | ಕೊರ್ (ಕೊರ್ದಿಸ್) | ಹಾರ್ಟ್ | ಲಿಥುವೇನಿಯನ್: ಶಿರ್ದಿಸ್ |
| ಮೊಣಕಾಲು | ಜಾನು | ಗೊನು | ಗೆನು | ನೀ | ಹಿಟ್ಟೈಟ್: ಗೆನು |
| ಕಣ್ಣು | ಅಕ್ಷಿ | ಒಸ್ಸೆ (ದ್ವಿವಚನ) | ಒಕುಲುಸ್ | ಐ | ಲಿಥುವೇನಿಯನ್: ಅಕಿಸ್ |
| ಕಿವಿ | – | ಊಸ್ | ಔರಿಸ್ | ಇಯರ್ | ಲಿಥುವೇನಿಯನ್: ಔಸಿಸ್ |
| ಮೂಗು | ನಾಸಾ, ನಾಸಿಕಾ | – | ನಾಸುಸ್ | ನೋಸ್ | ಲಿಥುವೇನಿಯನ್: ನೋಸಿಸ್ |
| ಹುಬ್ಬು | ಭ್ರೂ | ಒಫ್ರುಸ್ | – | ಬ್ರೌ | ರಷ್ಯನ್: ಬ್ರೊವ್ |
| ನಾಲಗೆ | ಜಿಹ್ವಾ | – | ಲಿಂಗುವಾ | ಟಂಗ್ | ತೊಖಾರಿಯನ್: ಕಂತ್ವೊ |
| ಹೆಗಲು | ಅಂಸ | ಓಮೊಸ್ | ಉಮೆರುಸ್ | – | ಗೋಥಿಕ್: ಅಮ್ಸ್ |
| ಉಗುರು | ನಖ | ಒನುಕ್ಸ್ | ಉಂಗ್ವಿಸ್ | ನೇಲ್ | ರಷ್ಯನ್: ನೊಗೊತ್ |
| ಹೊಕ್ಕುಳು | ನಾಭಿ | ಒಂಫಲೊಸ್ | ಉಂಬಿಲಿಕುಸ್ | ನೇವಲ್ | ಜರ್ಮನ್: ನಾಬೆಲ್ |
| ಮೂಳೆ | ಅಸ್ಥಿ | ಒಸ್ತೆಯೊನ್ | ಒಸ್ (ಒಸ್ಸಿಸ್) | – | ಹಿಟ್ಟೈಟ್: ಹಸ್ತಾಯ್ |
| ಯಕೃತ್ತು | ಯಕೃತ್ | ಹೇಪರ್ | ಯೆಕುರ್ | – | ಅವೆಸ್ತನ್: ಯಾಕರ್ |

## ಧ್ವನಿ ನಿಯಮಗಳು

ಧ್ವನಿ ನಿಯಮವೆಂದರೆ ಒಂದು ಭಾಷೆಯಲ್ಲಿ ಒಂದು ಧ್ವನಿಯು ಒಂದೇ ಸನ್ನಿವೇಶದಲ್ಲಿ ಎಲ್ಲ ಪದಗಳಲ್ಲಿಯೂ ಒಂದೇ ರೀತಿ ಬದಲಾಗುವುದು. ಇದಕ್ಕೆ ಕನ್ನಡದಲ್ಲಿಯೇ ಉದಾಹರಣೆಯುಂಟು. ಹಳಗನ್ನಡದ ಪಲ್, ಪಾಲ್, ಪುಲಿ ಎಂಬ ಪದಗಳು ಹೊಸಗನ್ನಡದಲ್ಲಿ ಹಲ್ಲು, ಹಾಲು, ಹುಲಿ ಎಂದಾಗಿವೆ. ಪದಾದಿಯ ಪಕಾರವು ಹಕಾರವಾಗಿರುವುದು ಒಂದೆರಡು ಪದಗಳಲ್ಲಲ್ಲ, ನೂರಾರು ಪದಗಳಲ್ಲಿ. ಇಂಡೋ-ಯುರೋಪಿಯನ್ ಪರಿವಾರದಲ್ಲಿಯೂ ಇಂತಹ ನಿಯಮಗಳೇ ಸಂಬಂಧದ ಆಧಾರಗಳಾಗಿವೆ.

### ಗ್ರಿಮ್ ನಿಯಮ

ಇಂಗ್ಲಿಷ್, ಜರ್ಮನ್, ಗೋಥಿಕ್ ಮೊದಲಾದವು ಸೇರಿದ ಜರ್ಮಾನಿಕ್ ಶಾಖೆಯಲ್ಲಿ ಮೂಲ ಸ್ಪರ್ಶಧ್ವನಿಗಳು ಕ್ರಮವಾಗಿ ಪಲ್ಲಟಗೊಂಡವು. ಈ ಪಲ್ಲಟದ ಬಹುಭಾಗವನ್ನು ದೇಹಾಂಗ ಪದಗಳಿಂದಲೇ ವಿವರಿಸಬಹುದು.

* ಮೂಲದ ಪಕಾರವು ಫಕಾರವಾಯಿತು: ಲ್ಯಾಟಿನ್ ಪೆದಿಸ್, ಇಂಗ್ಲಿಷ್ ಫುಟ್.
* ಮೂಲದ ಕಕಾರವು ಹಕಾರವಾಯಿತು: ಲ್ಯಾಟಿನ್ ಕೊರ್ದಿಸ್, ಇಂಗ್ಲಿಷ್ ಹಾರ್ಟ್. ಕೊಂಬಿಗಿರುವ ಲ್ಯಾಟಿನ್ ಕೊರ್ನು ಮತ್ತು ಇಂಗ್ಲಿಷ್ ಹಾರ್ನ್ ಪದಗಳಲ್ಲಿಯೂ ಇದೇ ಕ್ರಮವಿದೆ.
* ಮೂಲದ ದಕಾರವು ತಕಾರವಾಯಿತು: ಲ್ಯಾಟಿನ್ ದೆಂತಿಸ್, ಇಂಗ್ಲಿಷ್ ಟೂತ್. ಫುಟ್ ಮತ್ತು ಹಾರ್ಟ್ ಪದಗಳ ಕೊನೆಯ ಧ್ವನಿಯೂ ಹೀಗೆಯೇ ಬಂದುದು.
* ಮೂಲದ ಗಕಾರವು ಕಕಾರವಾಯಿತು: ಲ್ಯಾಟಿನ್ ಗೆನು, ಗೋಥಿಕ್ ಕ್ನಿಯು. ಇಂಗ್ಲಿಷಿನ ‘ನೀ’ ಪದದ ಆದಿಯಲ್ಲಿ ಈಗ ಉಚ್ಚರಿಸದಿದ್ದರೂ ಬರವಣಿಗೆಯಲ್ಲಿ ಉಳಿದಿರುವ ಕಕಾರಸೂಚಕ ಅಕ್ಷರವು ಇದೇ ಧ್ವನಿಯ ಗುರುತು.
* ಮೂಲದ ಭಕಾರವು ಬಕಾರವಾಯಿತು: ಸಂಸ್ಕೃತ ಭ್ರೂ, ಇಂಗ್ಲಿಷ್ ಬ್ರೌ.

ಮುಂದೆ ಜರ್ಮನ್ ಭಾಷೆಯಲ್ಲಿ ಎರಡನೆಯ ಪಲ್ಲಟವೊಂದು ನಡೆಯಿತು. ಅದರಿಂದ ಇಂಗ್ಲಿಷಿನ ಟೂತ್, ಟಂಗ್, ಹಾರ್ಟ್, ಫುಟ್‌ಗಳಿಗೆ ಪ್ರತಿಯಾಗಿ ಜರ್ಮನ್‌ನಲ್ಲಿ ತ್ಸಾನ್, ತ್ಸುಂಗೆ, ಹೆರ್ತ್ಸ್, ಫೂಸ್ ಎಂಬ ರೂಪಗಳಿವೆ.

### ಪೂರ್ವದ ಶಾಖೆಗಳ ಊಷ್ಮೀಕರಣ

ಮೂಲಭಾಷೆಯ ಒಂದು ಬಗೆಯ ಕಕಾರವು ಗ್ರೀಕ್ ಮತ್ತು ಲ್ಯಾಟಿನ್‌ಗಳಲ್ಲಿ ಕಕಾರವಾಗಿಯೇ ಉಳಿದು, ಸಂಸ್ಕೃತ, ಲಿಥುವೇನಿಯನ್, ರಷ್ಯನ್, ಆರ್ಮೇನಿಯನ್ ಮೊದಲಾದವುಗಳಲ್ಲಿ ಶಕಾರ ಅಥವಾ ಸಕಾರವಾಯಿತು. ಲ್ಯಾಟಿನ್ ‘ಕೊರ್’ ಎದುರು ಲಿಥುವೇನಿಯನ್ ‘ಶಿರ್ದಿಸ್’, ರಷ್ಯನ್ ‘ಸೆರ್ದ್ಸೆ’, ಆರ್ಮೇನಿಯನ್ ‘ಸಿರ್ತ್’ ಇರುವುದು ಇದರಿಂದ.

### ಇರಾನಿ ಭಾಷೆಗಳ ಸಾಮ್ಯ

ಸಂಸ್ಕೃತದ ಒಂದು ಬಗೆಯ ಹಕಾರಕ್ಕೆ ಪ್ರತಿಯಾಗಿ ಅವೆಸ್ತನ್ ಭಾಷೆಯಲ್ಲಿ ಝಕಾರವನ್ನು ಹೋಲುವ ಘೋಷ ಊಷ್ಮಧ್ವನಿಯೂ ಹಳೆಯ ಪರ್ಷಿಯನ್‌ನಲ್ಲಿ ದಕಾರವೂ ಬರುತ್ತವೆ. ಸಂಸ್ಕೃತದ ‘ಹಸ್ತ’ವು ಅವೆಸ್ತನ್‌ನಲ್ಲಿ ‘ಝಸ್ತ’, ಹಳೆಯ ಪರ್ಷಿಯನ್‌ನಲ್ಲಿ ‘ದಸ್ತ’, ಇಂದಿನ ಪರ್ಷಿಯನ್‌ನಲ್ಲಿ ‘ದಸ್ತ್’ ಆಗಿದೆ.

## ಕೆಲವು ಪದಗಳ ವಿಶೇಷ ವಿವರ

### ಹೃದಯ ಮತ್ತು ಶ್ರದ್ಧೆ

ಮೇಲಿನ ಊಷ್ಮೀಕರಣ ನಿಯಮದಂತೆ ಸಂಸ್ಕೃತದಲ್ಲಿ ಹೃದಯವಾಚಕ ಪದವು ಶಕಾರದಿಂದ ಆರಂಭವಾಗಬೇಕಿತ್ತು. ಆದರೆ ‘ಹೃದ್’ ಹಕಾರದಿಂದ ಆರಂಭವಾಗುತ್ತದೆ. ಅವೆಸ್ತನ್ ರೂಪವೂ ಇದೇ ಬಗೆಯದಾದ ಕಾರಣ, ಈ ವ್ಯತ್ಯಾಸವು ಭಾರತೀಯ ಮತ್ತು ಇರಾನಿ ಶಾಖೆಗಳು ಬೇರೆಯಾಗುವ ಮೊದಲೇ ಉಂಟಾಗಿರಬೇಕು. ನಿರೀಕ್ಷಿತವಾದ ಶಕಾರಯುಕ್ತ ರೂಪವು ‘ಶ್ರದ್ಧಾ’ ಎಂಬ ಪದದಲ್ಲಿ ಉಳಿದುಕೊಂಡಿದೆಯೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅವರ ಪ್ರಕಾರ ‘ಶ್ರತ್’ ಎಂದರೆ ಹೃದಯ, ‘ಧಾ’ ಎಂದರೆ ಇಡು. ಶ್ರದ್ಧೆಯೆಂದರೆ ಹೃದಯವನ್ನು ಇಡುವುದು. ನಂಬುತ್ತೇನೆ ಎಂಬರ್ಥದ ಲ್ಯಾಟಿನ್ ‘ಕ್ರೇದೋ’ ಇದರ ಜ್ಞಾತಿಪದ. ಇಂಗ್ಲಿಷಿನ ‘ಕ್ರೆಡಿಟ್’ ಈ ಲ್ಯಾಟಿನ್ ಧಾತುವಿನಿಂದ ಬಂದುದು. ‘ಶ್ರತ್’ ಪದಕ್ಕೆ ಹೃದಯವೆಂಬ ಅರ್ಥವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ.

### ಅಸ್ಥಿ ಮತ್ತು ಹಿಟ್ಟೈಟ್ ಸಾಕ್ಷ್ಯ

ಸ್ವಿಟ್ಜರ್ಲೆಂಡಿನ ಫರ್ಡಿನಾಂಡ್ ಡಿ ಸಸ್ಯೂರ್ ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೂಲಭಾಷೆಯಲ್ಲಿದ್ದು ಆಗ ತಿಳಿದಿದ್ದ ಎಲ್ಲ ಭಾಷೆಗಳಲ್ಲಿಯೂ ಲೋಪವಾಗಿರುವ ಕೆಲವು ಧ್ವನಿಗಳನ್ನು ತರ್ಕದಿಂದ ಊಹಿಸಿದರು. 1915ರಲ್ಲಿ ಬೆದ್ರಿಖ್ ಹ್ರೋಜ್ನಿ ಅವರು ಇಂದಿನ ಟರ್ಕಿಯಲ್ಲಿ ದೊರೆತ ಮಣ್ಣಿನ ಫಲಕಗಳ ಹಿಟ್ಟೈಟ್ ಭಾಷೆಯು ಇಂಡೋ-ಯುರೋಪಿಯನ್ ಪರಿವಾರದ್ದೆಂದು ತೋರಿಸಿದರು. 1927ರಲ್ಲಿ ಪೋಲೆಂಡಿನ ಯೆರ್ಜಿ ಕುರಿವೋವಿಚ್, ಸಸ್ಯೂರ್ ಊಹಿಸಿದ್ದ ಸ್ಥಾನಗಳಲ್ಲಿ ಹಿಟ್ಟೈಟ್ ಭಾಷೆಯಲ್ಲಿ ಹಕಾರದಂತಹ ಧ್ವನಿ ಇರುವುದನ್ನು ಗುರುತಿಸಿದರು. ಸಂಸ್ಕೃತ ‘ಅಸ್ಥಿ’, ಗ್ರೀಕ್ ‘ಒಸ್ತೆಯೊನ್’ ಪದಗಳ ಆದಿಯಲ್ಲಿ ಲೋಪವಾದ ವ್ಯಂಜನವು ಹಿಟ್ಟೈಟ್ ‘ಹಸ್ತಾಯ್’ ಪದದಲ್ಲಿ ಉಳಿದಿದೆ. ಹೀಗೆ ಸುಮಾರು ಅರ್ಧ ಶತಮಾನದ ಹಿಂದಿನ ಊಹೆಯೊಂದಕ್ಕೆ ಲಿಖಿತ ಆಧಾರ ದೊರೆಯಿತು. ‘ಹಸ್ತಾಯ್’ ಪದವು ಕೇಳಲು ಸಂಸ್ಕೃತದ ‘ಹಸ್ತ’ದಂತಿದ್ದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

### ಯಕೃತ್

ಸಂಸ್ಕೃತದಲ್ಲಿ ‘ಯಕೃತ್’ ಪದದ ಷಷ್ಠೀ ರೂಪವಾಗಿ ‘ಯಕ್ನಃ’ ಎಂಬುದು ಬರುತ್ತದೆ. ಪ್ರಥಮೆಯಲ್ಲಿ ರೇಫವೂ ಇತರ ವಿಭಕ್ತಿಗಳಲ್ಲಿ ನಕಾರವೂ ಇರುವ ಈ ವಿಚಿತ್ರ ಕ್ರಮವು ಲ್ಯಾಟಿನ್‌ನ ‘ಯೆಕುರ್’, ‘ಯೆಕಿನೊರಿಸ್’ ರೂಪಗಳಲ್ಲಿಯೂ ಕಾಣುತ್ತದೆ. ಇಂತಹ ಅಪವಾದರೂಪಗಳನ್ನು ಒಂದು ಭಾಷೆ ಇನ್ನೊಂದರಿಂದ ಎರವಲು ಪಡೆಯುವುದು ಅಸಂಭವ. ಆದುದರಿಂದ ಇವು ಸಮಾನ ಮೂಲಕ್ಕೆ ಬಲವಾದ ಸಾಕ್ಷಿಗಳು. ಅಸ್ಥಿ, ಅಕ್ಷಿ, ತೊಡೆ ಎಂಬರ್ಥದ ಸಕ್ಥಿ ಹಾಗೂ ಮೊಸರು ಎಂಬರ್ಥದ ದಧಿ ಪದಗಳೂ ಕೆಲವು ವಿಭಕ್ತಿಗಳಲ್ಲಿ ನಕಾರಾಂತವಾಗುತ್ತವೆ. ಪಾಣಿನಿ ಇವಕ್ಕಾಗಿ ಪ್ರತ್ಯೇಕ ಸೂತ್ರವನ್ನೇ ರಚಿಸಿದ್ದಾನೆ. ಈ ನಾಲ್ಕರಲ್ಲಿ ಮೂರು ದೇಹಾಂಗವಾಚಕಗಳು.

### ದಂತ

‘ದಂತ’ದ ಮೂಲರೂಪವು ತಿನ್ನು ಎಂಬರ್ಥದ ಧಾತುವಿನ ವರ್ತಮಾನ ಕೃದಂತವೆಂದೂ, ‘ತಿನ್ನುವಂಥದು’ ಎಂಬುದೇ ಅದರ ಮೊದಲ ಅರ್ಥವೆಂದೂ ಒಂದು ಅಭಿಪ್ರಾಯವಿದೆ. ಸಂಸ್ಕೃತದ ‘ಅದ್’, ಲ್ಯಾಟಿನ್‌ನ ‘ಎದೋ’, ಇಂಗ್ಲಿಷಿನ ‘ಈಟ್’ ಆ ಧಾತುವಿನವು.

### ನಾಲಗೆ

ದೇಹಾಂಗ ಪದಗಳಲ್ಲಿ ಅತ್ಯಂತ ತೊಡಕಿನದು ನಾಲಗೆಯ ಹೆಸರು. ಇಂಗ್ಲಿಷಿನ ‘ಟಂಗ್’ ಪದವು ಆದಿಯಲ್ಲಿ ದಕಾರವನ್ನು ಸೂಚಿಸುತ್ತದೆ. ಹಳೆಯ ಲ್ಯಾಟಿನ್‌ನಲ್ಲಿಯೂ ‘ದಿಂಗುವಾ’ ಎಂಬ ರೂಪವಿತ್ತು. ಅದು ‘ಲಿಂಗುವಾ’ ಆದದ್ದು, ನೆಕ್ಕು ಎಂಬರ್ಥದ ಕ್ರಿಯಾಪದದ ಪ್ರಭಾವದಿಂದ ಎಂದು ಊಹಿಸಲಾಗಿದೆ. ಲಿಥುವೇನಿಯನ್‌ನ ‘ಲಿಯೆಝುವಿಸ್’ ಪದದಲ್ಲಿಯೂ ಇದೇ ಪ್ರಭಾವ ಕಾಣುತ್ತದೆ. ಸಂಸ್ಕೃತದ ‘ಲಿಹ್’ ಧಾತು ಮತ್ತು ಅದರಿಂದಾದ ‘ಲೇಹ್ಯ’ ಇವೇ ಬಳಗದ ಪದಗಳು. ತೊಖಾರಿಯನ್‌ನ ‘ಕಂತ್ವೊ’ದಲ್ಲಿ ವ್ಯಂಜನಗಳು ಸ್ಥಾನಪಲ್ಲಟಗೊಂಡಿವೆ. ನಾಲಗೆಯ ಹೆಸರನ್ನು ನೇರವಾಗಿ ಹೇಳಬಾರದೆಂಬ ನಿಷೇಧದಿಂದ ಪದವನ್ನು ಬೇಕೆಂದೇ ತಿರುಚಿರಬಹುದೆಂಬ ವಾದವೂ ಇದೆ.

## ಅರ್ಥಪಲ್ಲಟ

ಧ್ವನಿಯಂತೆ ಅರ್ಥವೂ ಬದಲಾಗುತ್ತದೆ. ಸಾಮಾನ್ಯವಾಗಿ ಅರ್ಥವು ದೇಹದ ಒಂದು ಭಾಗದಿಂದ ಪಕ್ಕದ ಭಾಗಕ್ಕೆ, ಇಲ್ಲವೇ ಆಕಾರದಲ್ಲಿ ಹೋಲುವ ವಸ್ತುವಿಗೆ ಸರಿಯುತ್ತದೆ.

* ಸಂಸ್ಕೃತದಲ್ಲಿ ತೋಳು ಎಂಬರ್ಥದ ‘ಬಾಹು’ವಿನ ಜ್ಞಾತಿಪದವಾದ ಗ್ರೀಕ್ ‘ಪೇಖುಸ್’ ಮುಂದೋಳನ್ನೂ ಒಂದು ಮೊಳದ ಅಳತೆಯನ್ನೂ ಸೂಚಿಸುತ್ತದೆ. ಇಂಗ್ಲಿಷಿನ ‘ಬೌ’ ಎಂಬ ಜ್ಞಾತಿಪದಕ್ಕೆ ಈಗ ಮರದ ಕೊಂಬೆ ಎಂದರ್ಥ.
* ‘ಕಕ್ಷ’ ಎಂದರೆ ಸಂಸ್ಕೃತದಲ್ಲಿ ಕಂಕುಳು. ಅದರ ಜ್ಞಾತಿಪದಗಳಾದ ಲ್ಯಾಟಿನ್ ‘ಕೊಕ್ಸಾ’ಕ್ಕೆ ಸೊಂಟದ ಪಕ್ಕ ಎಂದೂ ಹಳೆಯ ಐರಿಷ್ ‘ಕೊಸ್’ಗೆ ಕಾಲು ಎಂದೂ ಅರ್ಥ.
* ‘ನಾಭಿ’ಗೆ ಸಂಸ್ಕೃತದಲ್ಲಿ ಹೊಕ್ಕುಳು ಮತ್ತು ಗಾಲಿಯ ಗುಂಭ ಎಂಬ ಎರಡರ್ಥಗಳಿವೆ. ಇಂಗ್ಲಿಷಿನಲ್ಲಿ ಹೊಕ್ಕುಳಿಗೆ ‘ನೇವಲ್’, ಗಾಲಿಯ ಗುಂಭಕ್ಕೆ ‘ನೇವ್’ ಎಂಬ ಒಂದೇ ಮೂಲದ ಎರಡು ಪದಗಳಿವೆ.
* ರಷ್ಯನ್‌ನಲ್ಲಿ ‘ನೊಗೊತ್’ ಉಗುರಾದರೆ ಅದೇ ಮೂಲದ ‘ನೊಗಾ’ ಕಾಲನ್ನು ಸೂಚಿಸುತ್ತದೆ.

## ಹಳೆಯ ಪದಗಳ ಲೋಪ

ಎಲ್ಲ ಭಾಷೆಗಳೂ ಎಲ್ಲ ಮೂಲಪದಗಳನ್ನು ಉಳಿಸಿಕೊಂಡಿಲ್ಲ. ಗ್ರೀಕ್, ಲ್ಯಾಟಿನ್, ಇಂಗ್ಲಿಷ್, ಲಿಥುವೇನಿಯನ್‌ಗಳಲ್ಲಿ ಉಳಿದಿರುವ ಕಿವಿಯ ಹಳೆಯ ಹೆಸರಿನ ಬದಲು ಸಂಸ್ಕೃತವು ‘ಕರ್ಣ’ ಎಂಬ ಬೇರೆ ಪದವನ್ನು ಬಳಸುತ್ತದೆ. ಕೈಗೆ ಲ್ಯಾಟಿನ್‌ನಲ್ಲಿ ‘ಮನುಸ್’, ಗ್ರೀಕ್‌ನಲ್ಲಿ ‘ಖೇರ್’, ಇಂಗ್ಲಿಷಿನಲ್ಲಿ ‘ಹ್ಯಾಂಡ್’, ರಷ್ಯನ್‌ನಲ್ಲಿ ‘ರುಕಾ’ ಎಂಬ ಬೇರೆ ಬೇರೆ ಪದಗಳಿವೆ. ಪರಿಹಾಸದ ಮಾತು ಕಾಲಕ್ರಮದಲ್ಲಿ ಸಾಮಾನ್ಯ ಪದವಾಗುವುದೂ ಉಂಟು. ಫ್ರೆಂಚಿನಲ್ಲಿ ತಲೆಗಿರುವ ‘ತೆತ್’ ಪದವು ಮಡಕೆ ಎಂಬರ್ಥದ ಲ್ಯಾಟಿನ್ ‘ತೆಸ್ತಾ’ದಿಂದ ಬಂದುದು.

## ಆಕಸ್ಮಿಕ ಹೋಲಿಕೆಗಳು

ಎರಡು ಪದಗಳು ಹೋಲುತ್ತವೆಂಬ ಮಾತ್ರದಿಂದ ಅವು ಜ್ಞಾತಿಪದಗಳಾಗುವುದಿಲ್ಲ. ಆಧುನಿಕ ಗ್ರೀಕ್‌ನಲ್ಲಿ ಕಣ್ಣಿಗೆ ‘ಮಾತಿ’, ಮಲಯ ಭಾಷೆಯಲ್ಲಿ ‘ಮಾತಾ’ ಎನ್ನುತ್ತಾರೆ. ಧ್ವನಿಯೂ ಅರ್ಥವೂ ಹೊಂದಿದರೂ ಇವು ಪೂರ್ಣವಾಗಿ ಸಂಬಂಧರಹಿತ. ಗ್ರೀಕ್ ಪದವು ಕಣ್ಣು ಎಂಬರ್ಥದ ‘ಒಮ್ಮಾ’ದಿಂದಾದ ‘ಒಮ್ಮತಿಯೊನ್’ ಎಂಬುದರ ಸಂಕ್ಷಿಪ್ತ ರೂಪ. ಇದಕ್ಕೆ ವಿರುದ್ಧವಾಗಿ, ಸಂಸ್ಕೃತ ‘ಪಾದ’ಕ್ಕೂ ಆರ್ಮೇನಿಯನ್ ‘ಒತ್ನ್’ ಪದಕ್ಕೂ ಮೇಲ್ನೋಟಕ್ಕೆ ಹೋಲಿಕೆಯಿಲ್ಲ. ಆದರೆ ಆರ್ಮೇನಿಯನ್‌ನಲ್ಲಿ ಮೂಲದ ಪಕಾರವು ಹಕಾರವಾಗುವುದು ಅಥವಾ ಲೋಪವಾಗುವುದು, ದಕಾರವು ತಕಾರವಾಗುವುದು ನಿಯಮವಾದ್ದರಿಂದ ಇವು ನಿಜವಾದ ಜ್ಞಾತಿಪದಗಳು.

## ಕನ್ನಡದೊಂದಿಗಿನ ಸಂಬಂಧ

ಕನ್ನಡವು ದ್ರಾವಿಡ ಪರಿವಾರದ ಭಾಷೆ. ಆದರೂ ಅದು ಶತಮಾನಗಳಿಂದ ಇಂಡೋ-ಯುರೋಪಿಯನ್ ಭಾಷೆಗಳೊಂದಿಗೆ ಒಡನಾಡಿರುವುದರಿಂದ ಒಂದೇ ಮೂಲಪದವು ಬೇರೆ ಬೇರೆ ಮಾರ್ಗಗಳಲ್ಲಿ ಕನ್ನಡಕ್ಕೆ ಬಂದಿರುವುದನ್ನು ಕಾಣಬಹುದು.

* ಪಾದ: ಸಂಸ್ಕೃತದಿಂದ ‘ಪಾದ’, ಪಾದಕ್ಕೆ ‘ಪಾಯ್’ ಎನ್ನುವ ಪರ್ಷಿಯನ್‌ನಿಂದ ‘ಪೈಜಾಮ’, ಇಂಗ್ಲಿಷಿನಿಂದ ‘ಫುಟ್‌ಬಾಲ್’, ಲ್ಯಾಟಿನ್ ಮೂಲದ ‘ಪೆಡಲ್’, ಗ್ರೀಕ್ ಮೂಲದ ‘ಟ್ರೈಪಾಡ್’.
* ಹೃದಯ: ಸಂಸ್ಕೃತದಿಂದ ‘ಹೃದಯ’, ಇಂಗ್ಲಿಷಿನಿಂದ ‘ಹಾರ್ಟ್’, ಗ್ರೀಕ್ ಮೂಲದ ‘ಕಾರ್ಡಿಯಾಲಜಿ’, ಲ್ಯಾಟಿನ್ ಮೂಲದ ‘ರೆಕಾರ್ಡ್’.
* ಕೈ: ಸಂಸ್ಕೃತದಿಂದ ‘ಹಸ್ತ’, ಪರ್ಷಿಯನ್‌ನಿಂದ ‘ದಸ್ತಗಿರಿ’ ಮತ್ತು ‘ದಸ್ತಾವೇಜು’. ದಸ್ತಗಿರಿ ಎಂದರೆ ಅಕ್ಷರಶಃ ಕೈ ಹಿಡಿಯುವುದು.
* ತಲೆ: ಸಂಸ್ಕೃತದಿಂದ ‘ಶಿರ’, ತಲೆಗೆ ‘ಸರ್’ ಎನ್ನುವ ಪರ್ಷಿಯನ್‌ನಿಂದ ‘ಸರದಾರ’.
* ಯಕೃತ್ತು: ಸಂಸ್ಕೃತದಿಂದ ‘ಯಕೃತ್ತು’, ಗ್ರೀಕ್ ಮೂಲದ ‘ಹೆಪಟೈಟಿಸ್’.

ಇವೆಲ್ಲವೂ ಎರವಲು ಪದಗಳು. ಪಾದ, ದಂತ, ನಾಸಿಕ, ಹೃದಯ ಮುಂತಾದ ಪದಗಳು ಕನ್ನಡದಲ್ಲಿರುವುದನ್ನು ಕಂಡು ಕನ್ನಡವು ಸಂಸ್ಕೃತದಿಂದ ಹುಟ್ಟಿತೆಂದು ಭಾವಿಸುವುದುಂಟು. ದೇಹಾಂಗ ಪದಗಳ ಪರಿಶೀಲನೆಯು ಈ ಭಾವನೆ ಸರಿಯಲ್ಲವೆಂಬುದನ್ನು ಸ್ಪಷ್ಟಪಡಿಸುತ್ತದೆ. ಮನೆಮಾತಿನಲ್ಲಿ ಬಳಕೆಯಾಗುವ ಮೂಲಪದಗಳು ನೆರೆಯ ದ್ರಾವಿಡ ಭಾಷೆಗಳೊಂದಿಗೆ ಹೊಂದುತ್ತವೆ.

| ಕನ್ನಡ | ತಮಿಳು | ತೆಲುಗು | ಸಂಸ್ಕೃತ |
|---|---|---|---|
| ಕಣ್ಣು | ಕಣ್ | ಕನ್ನು | ಅಕ್ಷಿ |
| ಕಿವಿ | ಸೆವಿ | ಚೆವಿ | ಕರ್ಣ |
| ಮೂಗು | ಮೂಕ್ಕು | ಮುಕ್ಕು | ನಾಸಿಕಾ |
| ಹಲ್ಲು | ಪಲ್ | ಪಲ್ಲು, ಪನ್ನು | ದಂತ |
| ನಾಲಗೆ | ನಾಕ್ಕು | ನಾಲುಕ | ಜಿಹ್ವಾ |
| ಕೈ | ಕೈ | ಚೇಯಿ | ಹಸ್ತ |
| ಕಾಲು | ಕಾಲ್ | ಕಾಲು | ಪಾದ |
| ತಲೆ | ತಲೈ | ತಲ | ಶಿರಸ್ |

ಇಲ್ಲಿಯೂ ಸಾಮ್ಯವು ನಿಯಮಬದ್ಧವಾಗಿದೆ. ತಮಿಳಿನ ಪದಾದಿ ಪಕಾರಕ್ಕೆ ಹೊಸಗನ್ನಡದಲ್ಲಿ ಹಕಾರ ಬರುತ್ತದೆ. ಕನ್ನಡದಲ್ಲಿ ಇಕಾರ, ಎಕಾರಗಳ ಮುಂಚೆ ಉಳಿದಿರುವ ಕಕಾರವು ತಮಿಳು ಮತ್ತು ತೆಲುಗುಗಳಲ್ಲಿ ಚಕಾರ ಅಥವಾ ಸಕಾರವಾಗಿದೆ. ಇದಕ್ಕೆ ಕಿವಿ, ಸೆವಿ, ಚೆವಿ ಎಂಬ ಸಾಲು ಉದಾಹರಣೆ.

ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯವಲ್ಲ, ತಮ್ಮೊಳಗೆ ಸಂಬಂಧವುಳ್ಳವು ಎಂಬುದನ್ನು ಮದರಾಸಿನ ಅಧಿಕಾರಿಯಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ಮಂಡಿಸಿದರು. ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿ ಇದನ್ನು ವಿಸ್ತರಿಸಿದರು. ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು 1961ರಲ್ಲಿ ಪ್ರಕಟವಾಯಿತು.

ಕರ್ನಾಟಕದಲ್ಲಿಯೇ ಇಂಡೋ-ಯುರೋಪಿಯನ್ ಪರಿವಾರದ ಭಾಷೆಯನ್ನಾಡುವವರೂ ಇದ್ದಾರೆ. ಕರಾವಳಿಯ ಕೊಂಕಣಿಯಲ್ಲಿ ಹಲ್ಲಿಗೆ ‘ದಾಂತ್’, ಕೈಗೆ ‘ಹಾತ್’, ಕಾಲಿಗೆ ‘ಪಾಯ್’, ನಾಲಗೆಗೆ ‘ಜೀಬ್’ ಎನ್ನುತ್ತಾರೆ. ಕನ್ನಡದಲ್ಲಿ ‘ದಂತ’ವು ಪಾಂಡಿತ್ಯದ ಮೂಲಕ ಬಂದ ತತ್ಸಮ ಪದವಾದರೆ, ಕೊಂಕಣಿಯ ‘ದಾಂತ್’ ತಲೆಮಾರಿನಿಂದ ತಲೆಮಾರಿಗೆ ಮಾತಿನಲ್ಲಿ ಹರಿದುಬಂದ ಪದ. ಎರವಲು ಪದಕ್ಕೂ ಜ್ಞಾತಿಪದಕ್ಕೂ ಇರುವ ಮೂಲಭೂತ ವ್ಯತ್ಯಾಸ ಇದೇ ಆಗಿದೆ.

## ಇವನ್ನೂ ನೋಡಿ

* ಇಂಡೋ-ಯುರೋಪಿಯನ್ ಭಾಷೆಗಳು
* ದ್ರಾವಿಡ ಭಾಷೆಗಳು
* ಗ್ರಿಮ್ ನಿಯಮ
* ತತ್ಸಮ-ತದ್ಭವ